ಆಡಿದ ಮಾತು, ಆಡದ ಮಾತು



ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನೀವು ನಾಟಕ ನೋಡಿರಬಹುದು. ಬನದ ಹುಣ್ಣಿಮೆಯ ತೇರು ಮುಗಿದರೂ ಕಂಪನಿಗಳ ಆಟ ವಾರಗಟ್ಟಲೆ ನಡೆಯುತ್ತದೆ. ಅಲ್ಲಿ ತಾಯಿಯ ಪಾತ್ರಧಾರಿ ಮಗನಿಗೆ "ನಾ ಆರಾಮ ಅದೀನಿ" ಎಂದರೆ ಸಾಕು, ನೋಡುವವರ ಕಣ್ಣು ಒದ್ದೆಯಾಗುತ್ತದೆ. ಮಾತಿನಲ್ಲಿ ದುಃಖವಿಲ್ಲ. ಹಾಗಾದರೆ ಅದು ಬಂದದ್ದೆಲ್ಲಿಂದ?

ಆಡಿದ ಮಾತಿನ ಅಡಿಯಲ್ಲಿರುವ, ಆಡದ ಮಾತಿನಿಂದ. ಇದನ್ನು ಒಳಮಾತು ಎನ್ನೋಣ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಕಟ್ಟಿದವರಲ್ಲೊಬ್ಬರಾದ ಸ್ಟಾನಿಸ್ಲಾವ್‌ಸ್ಕಿ ನಟರ ತರಬೇತಿಯಲ್ಲಿ ಇದಕ್ಕೆ ದೊಡ್ಡ ಸ್ಥಾನ ಕೊಟ್ಟರು. ಅದಕ್ಕೂ ಸಾವಿರ ವರ್ಷ ಮೊದಲೇ ನಮ್ಮ ಆನಂದವರ್ಧನ ಕಾವ್ಯದ ಆತ್ಮವೇ ಧ್ವನಿ ಎಂದಿದ್ದ.

ಬಾಗಲಕೋಟೆ, ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿದಿದ್ದಾಳೆ. ಬಂದ ಕೃಷ್ಣನಿಗೆ 'ಅಲ್ಲಿಗೇ ಹೋಗು' ಎನ್ನುವ ಭಾವ ಅವಳ ಮಾತಿನಲ್ಲಿದೆ. ನಟಿ ಬರೀ ಕೋಪ ತೋರಿಸಿದರೆ ಕೃಷ್ಣ ಹೊರಟುಬಿಡಬೇಕು, ಆಟ ಅಲ್ಲಿಗೇ ಮುಗಿಯಬೇಕು. ಆದರೆ ಭಾಮೆಗೆ ಬೇಕಾದದ್ದು ಅವನು ನಿಲ್ಲುವುದು. ಬಾಯಿ 'ಹೋಗು' ಎನ್ನುವಾಗ ಕಿವಿ ಅವನ ಹೆಜ್ಜೆಯ ಸಪ್ಪಳ ಕೇಳುತ್ತಿರಬೇಕು.

ವಿಜ್ಞಾನ ಓದಿದವನು ನಾನು. ಒಂದು ಪ್ರಯೋಗ ಹೇಳುತ್ತೇನೆ. "ಊಟ ಆತೇನು?" ಎಂದು ತಡವಾಗಿ ಬಂದ ಮಗನನ್ನು ಕೇಳಿ. ಅದನ್ನೇ, ಎದ್ದು ಹೋಗಲೆಂದು ನೀವು ಕಾಯುತ್ತಿರುವ ಅತಿಥಿಯನ್ನು ಕೇಳಿ. ಮಾತು ಬದಲಾಗಲಿಲ್ಲ, ಬಯಕೆ ಬದಲಾಯಿತು. ದನಿ ತಾನೇ ಬದಲಾಯಿತು.

ಹುನಗುಂದ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ಊರವರೇ ಬಣ್ಣ ಹಚ್ಚುತ್ತಾರೆ. 1974ರಲ್ಲಿ ಚಲನಚಿತ್ರವಾದ 'ಸಂಪತ್ತಿಗೆ ಸವಾಲ್' ನಾಟಕ ಬರೆದ ಪಿ.ಬಿ. ಧುತ್ತರಗಿಯವರು ಅಲ್ಲಿನ ಸೂಳೇಭಾವಿಯವರು. ಇಂಥ ನಾಟಕದ ಮಾತನ್ನು ಬಾಯಿಪಾಠ ಮಾಡಿ ಕೂಗಿದರೆ ಚಪ್ಪಾಳೆ ಬಂದೀತು, ಪಾತ್ರ ಬಾರದು. ಕಂಠಪಾಠಕ್ಕೆ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಪಾತ್ರಕ್ಕೆ ಈಗ ಏನು ಬೇಕು? ಅದನ್ನು ನೇರವಾಗಿ ಏಕೆ ಹೇಳುತ್ತಿಲ್ಲ? ಹೇಳದಿದ್ದಾಗ ಕೈ, ಕಣ್ಣು ಏನು ಮಾಡುತ್ತಿವೆ?

ಈ ಪಾಠ ನಾನು ಕಲಿತದ್ದು ತಪ್ಪು ಮಾಡಿ. ಒಮ್ಮೆ ಸಮಯಕ್ಕೆ ಹೊಂದಿಸಲು, ಉತ್ತರ ಕೊಡುವ ಮೊದಲು ನಟಿಯೊಬ್ಬರು ತಾಳಿದ್ದ ಮೌನವನ್ನು ಸಂಕಲನದಲ್ಲಿ ಕತ್ತರಿಸಿದೆ. ಒಂದು ಮಾತೂ ಹೋಗಲಿಲ್ಲ, ದೃಶ್ಯವೇ ಹೋಯಿತು. ಪ್ರಸಾರವಾದ ಮೇಲೆ ಅದನ್ನು ಮರಳಿ ಜೋಡಿಸಲು ಬರುವಂತಿರಲಿಲ್ಲ.

ಇಲಕಲ್ ಸೀರೆಯಲ್ಲಿ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಉಟ್ಟಾಗ ಮೆರೆಯುವುದು ಸೆರಗು. ಕೊಂಡಿಯತ್ತ ಯಾರ ಗಮನವೂ ಹೋಗದು. ಆದರೆ ಸೆರಗು ನಿಂತಿರುವುದು ಅದರ ಮೇಲೆಯೇ. ಮುಂದಿನ ಸಲ ನಾಟಕ ನೋಡುವಾಗ ಮಾತಿನ ಸೆರಗಿನ ಜೊತೆಗೆ ಮೌನದ ಕೊಂಡಿಯನ್ನೂ ಗಮನಿಸಿ.