ಮರೆವಿನ ಮುಪ್ಪಿನಲ್ಲಿ ತುತ್ತಿನ ಎಚ್ಚರ

ಡಿಮೆನ್ಷಿಯಾ ಎಂದರೆ ಹೆಸರು, ದಾರಿ, ಮುಖಗಳನ್ನು ಮರೆಸುವ ರೋಗವೆಂದಷ್ಟೇ ನಮ್ಮಲ್ಲಿ ಬಹುಮಂದಿ ತಿಳಿದಿದ್ದೇವೆ. ರೋಗ ಬಲಿತಂತೆ ಅಗಿಯುವುದೂ ನುಂಗುವುದೂ ಮರೆಯತೊಡಗುತ್ತವೆ. ಹಿರಿಯರು ತುತ್ತನ್ನು ಕೆನ್ನೆಯೊಳಗೇ ಇಟ್ಟುಕೊಂಡು ಕುಳಿತರೆ ನಾವು ಹಟವೆಂದು ಗದರುತ್ತೇವೆ. ಅದು ಹಟವಲ್ಲ, ರೋಗದ ಲಕ್ಷಣ.

ನುಂಗುವ ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಈ ಹೊಂದಾಣಿಕೆ ತಪ್ಪಿದಾಗ ಅನ್ನವೋ ನೀರೋ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಉಂಟಾಗಬಹುದು. ಡಿಮೆನ್ಷಿಯಾ ಬಲಿತವರ ಸಾವಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗೊರಗೊರ ದನಿ, ಮರುಕಳಿಸುವ ಜ್ವರ, ಇಳಿಯುವ ತೂಕ ಇದರ ಸೂಚನೆಗಳು. ಕೆಲವರಲ್ಲಿ ಕೆಮ್ಮೇ ಬಾರದಿರುವುದೂ ಉಂಟು. ಆದ್ದರಿಂದ ಕೆಮ್ಮಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಗಟ್ಟಿ ಪದಾರ್ಥ ಸಿಕ್ಕಿಕೊಂಡೀತು, ನೀರಿಗೇನು ಭಯ ಎಂಬುದು ನಮ್ಮ ಮನೆಗಳ ನಂಬಿಕೆ. ಆದರೆ ತೆಳುವಾದ ನೀರು ಬೇಗ ಹರಿಯುವುದರಿಂದ, ನಿಧಾನಗೊಂಡ ಗಂಟಲಿಗೆ ಅನೇಕ ವೇಳೆ ಅದೇ ಕಠಿಣ. ತಿಳಿಸಾರಿನಲ್ಲಿ ತೇಲುವ ಅನ್ನವೂ ಹಾಗೆಯೇ: ಸಾರು ಮುಂದೋಡುತ್ತದೆ, ಅಗಳು ಹಿಂದುಳಿಯುತ್ತದೆ. ಅಗಿಯದೆ ನುಂಗುವ ಮುದ್ದೆ, ಪುಡಿಪುಡಿಯಾಗುವ ಖಡಕ್ ರೊಟ್ಟಿ, ಚುರುಮುರಿ ಇಂಥವರಿಗೆ ಸಲ್ಲವು. ಗಂಟಿಲ್ಲದ ಗಟ್ಟಿ ಗಂಜಿ, ಬೇಳೆಯೊಡನೆ ಮೆತ್ತಗೆ ಬೇಯಿಸಿ ನುಣ್ಣಗೆ ಮಸೆದ ಅನ್ನ ಹಲವರಿಗೆ ಸುಲಭ. ಯಾರಿಗೆ ಯಾವ ಹದವೆಂಬುದನ್ನು ವಾಕ್ ಚಿಕಿತ್ಸಕರು ನುಂಗುವಿಕೆಯನ್ನು ಪರೀಕ್ಷಿಸಿ ಹೇಳಬೇಕು. ಮಾತಿನ ಚಿಕಿತ್ಸಕರಿಗೂ ಊಟಕ್ಕೂ ಏನು ಸಂಬಂಧವೆಂದು ಆಶ್ಚರ್ಯವಾದೀತು. ನಾಲಗೆ, ಗಂಟಲುಗಳ ಚಲನೆಯೆಲ್ಲ ಅವರ ವಿದ್ಯೆಯೇ. ನೀರಿನ ಹದವನ್ನು ನಾವೇ ಬದಲಿಸಿದರೆ ಹಿರಿಯರು ಕುಡಿಯುವುದನ್ನೇ ಕಡಿಮೆ ಮಾಡಿ, ದೇಹದಲ್ಲಿ ನೀರಿನಂಶ ಬತ್ತಬಹುದು.

ಮಲಗಿದವರ ಬಾಯಿಗೆ ಎಂದೂ ಲೋಟ ಹಿಡಿಯಬಾರದು. ಬೆನ್ನು ನೆಟ್ಟಗಿರುವಂತೆ ಕೂರಿಸಿ, ಗದ್ದ ಮೇಲೇಳದಂತೆ ನೋಡಿಕೊಂಡು, ಎದುರು ಕುಳಿತು ಸಣ್ಣ ಚಮಚದಲ್ಲಿ ಉಣಿಸಬೇಕು. ನಿಂತು ಉಣಿಸಿದರೆ ಅವರು ತಲೆಯೆತ್ತುತ್ತಾರೆ. ಗಂಟಲಿಗೆ ಅದೇ ತೊಡಕು. ಒಂದು ತುತ್ತು ಇಳಿಯಿತೆಂದು ಖಚಿತವಾದ ಮೇಲೆಯೇ ಇನ್ನೊಂದು. ಉಂಡ ಬಳಿಕ ಸುಮಾರು 30 ನಿಮಿಷ ಕುಳಿತೇ ಇರಲಿ. ಬಾಯಿಯ ಶುಚಿತ್ವ ಬಹುಮುಖ್ಯ, ಏಕೆಂದರೆ ಎಂಜಲಿನೊಡನೆ ಇಳಿಯುವ ರೋಗಾಣುಗಳೂ ಶ್ವಾಸಕೋಶವನ್ನು ಕೆಡಿಸುತ್ತವೆ.

ಊಟ ತೀರ ಕಡಿಮೆಯಾದಾಗ ಮೂಗಿನ ಇಲ್ಲವೆ ಹೊಟ್ಟೆಯ ನಳಿಕೆಯ ಮಾತು ಬರುತ್ತದೆ. ಬಲಿತ ಡಿಮೆನ್ಷಿಯಾದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚುತ್ತದೆಂದಾಗಲಿ ನ್ಯುಮೋನಿಯಾ ತಪ್ಪುತ್ತದೆಂದಾಗಲಿ ಆಧಾರ ದೊರೆತಿಲ್ಲ. ಅಮೆರಿಕದ ವೃದ್ಧವೈದ್ಯರ ಸಂಘವೂ ನಳಿಕೆಯ ಬದಲು ಎಚ್ಚರದಿಂದ ಕೈಯಾರೆ ಉಣಿಸುವುದನ್ನೇ ಸೂಚಿಸುತ್ತದೆ. ನಾಲ್ಕೇ ಚಮಚ ಉಂಡು ಮುಖ ತಿರುಗಿಸಿದರೆ ಒತ್ತಾಯ ಬೇಡ. ತುಸು ಹೊತ್ತು ಬಿಟ್ಟು, ಅವರು ಎಚ್ಚರವಾಗಿರುವಾಗ ಮತ್ತೆ ಬಟ್ಟಲು ಹಿಡಿದು ಕುಳಿತುಕೊಳ್ಳೋಣ.