ನೋಡುವ ಗಣಕಯಂತ್ರಕ್ಕೆ ಕನ್ನಡವನ್ನು ಕೂಡಿಸಿದ ಬಗೆ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಇಲ್ಲಿಗೆ ಬಂದಾಗ, ಗಣಕಯಂತ್ರದ ಕೊಠಡಿಯಲ್ಲಿ ಹುಡುಗಿಯರು ಏನು ಕಲಿಯುತ್ತಾರೆಂದು ವಿಚಾರಿಸುವದುಂಟು. ಬೆರಳಚ್ಚು, ಲೆಕ್ಕದ ಪಟ್ಟಿ ಎಂದರೆ ಅವರಿಗೆ ಸಮಾಧಾನವಾಗುವದು. ಚಿತ್ರವನ್ನು ನೋಡಿ ತಿಳಿಯುವ ತಂತ್ರಾಂಶವನ್ನು ಮೂಲದಿಂದಲೇ ಕಟ್ಟುತ್ತಾರೆ ಎಂದರೆ ಆಶ್ಚರ್ಯಪಡುವರು. ಆದದರಿಂದ ಆ ಕೆಲಸವೇನು, ಏಕೆ ಬೇಕಾಯಿತು, ಹೇಗೆ ಮಾಡತಕ್ಕದ್ದು ಎಂಬ ಮೂರು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸುವೆವು.

ಗಣಕಯಂತ್ರಕ್ಕೆ ಚಿತ್ರವೆಂದರೆ ಅಂಕಿಗಳ ಸಾಲುಗಳೇ ಹೊರತು ಬೇರೇನೂ ಅಲ್ಲ. ಕಪ್ಪು ಬಿಳುಪು ಚಿತ್ರದ ಪ್ರತಿಯೊಂದು ಚುಕ್ಕೆಯ ಬೆಳಕನ್ನು ಅದು ಸಾಮಾನ್ಯವಾಗಿ ೦ಯಿಂದ ೨೫೫ರ ವರೆಗಿನ ಒಂದು ಅಂಕಿಯಾಗಿ ಇಟ್ಟುಕೊಳ್ಳುವದು. ಆ ಅಂಕಿಗಳಿಂದ ಅಂಚನ್ನು ಹುಡುಕುವದು, ಆಕಾರವನ್ನು ಅಳೆಯುವದು, ವಸ್ತುವನ್ನು ಗುರುತಿಸುವದು ಮೊದಲಾದ ಕೆಲಸಗಳಿಗೆ ಬೇಕಾದ ಸಾಧನಗಳನ್ನೆಲ್ಲ ಒಂದೆಡೆ ಕೂಡಿಸಿದ ಭಂಡಾರಕ್ಕೆ ಓಪನ್‌ಸಿವಿ ಎಂದು ಹೆಸರು. ೧೯೯೯ರಲ್ಲಿ ಅಮೇರಿಕದ ಇಂಟೆಲ್ ಕಂಪನಿಯಲ್ಲಿ ಗ್ಯಾರಿ ಬ್ರಾಡ್‌ಸ್ಕಿ ಎಂಬವರು ಇದನ್ನು ಆರಂಭಿಸಿದರು. ಇದಕ್ಕೆ ಬೆಲೆಯಿಲ್ಲ, ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಇನ್ನು ಇದನ್ನು ಮೂಲದಿಂದ ಕಟ್ಟುವ ಅಗತ್ಯವೇನು? ಪೈಥಾನ್ ಭಾಷೆಯವರಿಗೆ ಪಿಪ್ ಎಂಬ ಸಾಧನದಿಂದ ಸಿದ್ಧವಾದ ಕಟ್ಟು ಕೆಲವೇ ನಿಮಿಷಗಳಲ್ಲಿ ದೊರೆಯುವದು. ನಾವೂ ಮೊದಲು ಅದನ್ನೇ ಹಾಕಿಸಿದೆವು. ಕಿನ್ನಾಳದ ಬಣ್ಣದ ಗೊಂಬೆಯ ಚಿತ್ರವನ್ನು ತೋರಿಸಿ, ಅದರ ಕೆಳಗೆ ಹೆಸರನ್ನು ಕನ್ನಡದಲ್ಲಿ ಬರೆಸಬೇಕೆಂದು ಹುಡುಗಿಯರು ಇಚ್ಛಿಸಿದರು. ಯಂತ್ರವು ಅಕ್ಷರಗಳಿಗೆ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಬರೆಯಿತು. ಕಾರಣವೇನಂದರೆ, ಈ ಭಂಡಾರದ ನಾಲ್ಕನೆಯ ಶ್ರೇಣಿಯಲ್ಲಿ ಚಿತ್ರದ ಮೇಲೆ ಬರೆಯುವ ಸಾಮಾನ್ಯ ಕ್ರಮವು ಹರ್ಷಿ ಎಂಬವರು ೧೯೬೭ರಲ್ಲಿ ಅಮೇರಿಕದ ನೌಕಾದಳದ ಪ್ರಯೋಗಶಾಲೆಯಲ್ಲಿ ರೂಪಿಸಿದ ಗೆರೆಯಕ್ಷರಗಳನ್ನು ಅವಲಂಬಿಸಿದೆ. ಅದಕ್ಕೆ ಇಂಗ್ಲಿಷ್ ಅಕ್ಷರಗಳು ಬರುವವು, ನಮ್ಮ ಅಕ್ಷರಗಳು ಬಾರವು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಓಪನ್‌ಸಿವಿಯ ಹೆಚ್ಚುವರಿ ಭಾಗಗಳಲ್ಲಿ ಫ್ರೀಟೈಪ್ ಎಂಬುದೊಂದುಂಟು. ಅದು ನೋಟೋ ಸಾನ್ಸ್ ಕನ್ನಡದಂಥ ಅಕ್ಷರಮಾಲೆಯನ್ನು ತೆಗೆದುಕೊಂಡು, ಹಾರ್ಫ್‌ಬಜ್ ಎಂಬ ಇನ್ನೊಂದು ತಂತ್ರಾಂಶದ ಸಹಾಯದಿಂದ ಗುಣಿತ ಒತ್ತಕ್ಷರಗಳ ರೂಪವನ್ನು ನಿರ್ಣಯಿಸುವದು. ‘ಕೊಪ್ಪಳ’ ಎಂಬಲ್ಲಿ ಎರಡನೆಯ ಪಕಾರವು ಪಕ್ಕಕ್ಕೆ ನಿಲ್ಲದೆ ಒತ್ತಾಗಿ ಇಳಿಯಬೇಕೆಂದು ಬಲ್ಲದ್ದು ಇದೇ. ನಾವು ಹಾಕಿಸಿದ್ದ ಸಿದ್ಧ ಕಟ್ಟಿನಲ್ಲಿ ಈ ಭಾಗವಿರಲಿಲ್ಲ. ಲಿನಕ್ಸಿನ ಕೆಲವು ವಿತರಣೆಗಳವರು ಇದನ್ನು ಕೂಡಿಸಿಯೇ ಕೊಡುವದುಂಟು. ಆದರೂ ಕೂಡಿಸುವ ಬಗೆಯನ್ನು ಹುಡುಗಿಯರು ತಾವೇ ಅರಿಯಲೆಂದು ಮೂಲದಿಂದ ಕಟ್ಟುವ ದಾರಿಯನ್ನು ಹಿಡಿದೆವು.

ಆ ಕ್ರಮವು ಹೀಗಿದೆ. ಮೇಜಿನ ಮೇಲಿನ ಸಾಧಾರಣ ಗಣಕಯಂತ್ರ ಸಾಕು. ಅದರಲ್ಲಿ ಲಿನಕ್ಸ್ ಇರಲಿ, ಡಿಸ್ಕಿನಲ್ಲಿ ೧೦ ಜಿಬಿಯಷ್ಟು ಜಾಗ ಖಾಲಿಯಿರಲಿ. ಮೊದಲು ಸಿ++ ಕಂಪೈಲರು, ಸಿಮೇಕ್, ಪೈಥಾನಿನ ಅಭಿವೃದ್ಧಿ ಕಡತಗಳು, ನಮ್‌ಪೈ, ಹಾಗೂ ಫ್ರೀಟೈಪ್, ಹಾರ್ಫ್‌ಬಜ್‌ಗಳ ಅಭಿವೃದ್ಧಿ ಕಡತಗಳು ಇವನ್ನು ಹಾಕಿಕೊಳ್ಳತಕ್ಕದ್ದು. ಪಿಪ್‌ನಿಂದ ಬಂದ ಹಳೆಯ ಕಟ್ಟನ್ನು ತೆಗೆದುಬಿಡಬೇಕು. ಇಲ್ಲವಾದರೆ ಪೈಥಾನ್ ಹೊಸದನ್ನು ಬಿಟ್ಟು ಹಳೆಯದನ್ನೇ ಎತ್ತಿಕೊಳ್ಳಬಹುದು. ಬಳಿಕ ಮುಖ್ಯ ಭಂಡಾರವನ್ನೂ ಹೆಚ್ಚುವರಿ ಭಾಗಗಳನ್ನೂ ಇಳಿಸಿಕೊಳ್ಳಬೇಕು. ಇವೆರಡರ ಆವೃತ್ತಿಯ ಸಂಖ್ಯೆ ಒಂದೇ ಆಗಿರುವದು ಅವಶ್ಯ.

ಎರಡನೆಯದಾಗಿ, ಬೇರೊಂದು ಕಡತಕೋಶದಲ್ಲಿ ಸಿಮೇಕನ್ನು ನಡಿಸಿ, ಹೆಚ್ಚುವರಿ ಭಾಗಗಳು ಇರುವ ಸ್ಥಳವನ್ನು ಅದಕ್ಕೆ ತಿಳಿಸಬೇಕು. ಪರೀಕ್ಷಾ ಕಾರ್ಯಕ್ರಮಗಳು ಬೇಡವೆಂದು ಹೇಳಿದರೆ ವೇಳೆ ಉಳಿಯುವದು. ಸಿಮೇಕ್ ಆಗ ಕೆಲವು ಕಡತಗಳನ್ನು ತಾನೇ ಇಳಿಸಿಕೊಳ್ಳುವದರಿಂದ ಅಂತರ್ಜಾಲವು ತೆರೆದಿರಬೇಕು. ಕೊನೆಗೆ ಅದು ಒಂದು ದೀರ್ಘ ವರದಿಯನ್ನು ಕೊಡುವದು. ಹುಡುಗಿಯರು ಅವಸರದಿಂದ ದಾಟುವದು ಇದನ್ನೇ; ನಾವು ನಿಲ್ಲಿಸಿ ಓದಿಸುವದೂ ಇದನ್ನೇ. ಕಟ್ಟಲಿರುವ ಭಾಗಗಳ ಪಟ್ಟಿಯಲ್ಲಿ ಫ್ರೀಟೈಪ್ ಇರಬೇಕು, ಪೈಥಾನ್ ೩ ಸಹ ಇರಬೇಕು. ದೊರೆಯದವುಗಳ ಪಟ್ಟಿಯಲ್ಲಿ ಫ್ರೀಟೈಪ್ ಕಂಡರೆ ಮೇಲೆ ಹೇಳಿದ ಕಡತಗಳಲ್ಲಿ ಯಾವದೋ ಬಿಟ್ಟಿದೆಯೆಂದು ತಿಳಿದು, ಅದನ್ನು ಹಾಕಿ ಪುನಃ ನಡಿಸಬೇಕು.

ಮೂರನೆಯದು ಮೇಕ್ ಎಂಬ ಅಪ್ಪಣೆ. ಆಗ ಸಾವಿರಕ್ಕೂ ಮಿಕ್ಕಿದ ಕಡತಗಳು ಒಂದೊಂದಾಗಿ ಯಂತ್ರಭಾಷೆಗೆ ತಿರುಗುವವು. ಹಳೆಯ ಯಂತ್ರದಲ್ಲಿ ಇದಕ್ಕೆ ಒಂದೆರಡು ಘಂಟೆ ಹಿಡಿದೀತು. ಸ್ಮೃತಿ ೪ ಜಿಬಿಯೇ ಇದ್ದರೆ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಕಡತಗಳನ್ನು ಕೊಡಬಾರದು. ಕೊಟ್ಟರೆ ಸ್ಮೃತಿ ಸಾಲದೆ ಕೆಲಸವು ನಡುವೆ ಮುರಿಯಬಹುದು. ವಿದ್ಯುತ್ತು ನಿಂತುಹೋದರೂ ಗಾಬರಿಪಡಲಾಗದು. ಮೇಕ್ ಪ್ರತಿಯೊಂದು ಕಡತದ ವೇಳೆಯನ್ನು ನೋಡಿ, ಮುಗಿದದ್ದನ್ನು ಬಿಟ್ಟು, ಉಳಿದದ್ದರಿಂದ ಮುಂದುವರಿಯುವದು. ಅರ್ಧ ಬರೆದ ಕಡತವೊಂದು ಕೆಟ್ಟಿದ್ದರೆ ಅದರ ಹೆಸರು ದೋಷದ ಸಂದೇಶದಲ್ಲಿ ಬರುವದು; ಅದೊಂದನ್ನೇ ಅಳಿಸಿದರಾಯಿತು. ಎಲ್ಲವೂ ಮುಗಿದ ಬಳಿಕ ಸ್ಥಾಪನೆಯ ಅಪ್ಪಣೆಯನ್ನು ಕೊಟ್ಟು, ಭಂಡಾರಗಳ ಸೂಚಿಯನ್ನು ಹೊಸದು ಮಾಡಬೇಕು.

ಕೆಲಸ ಮುಗಿದ ದಿವಸ ಹುಡುಗಿಯರು ಗೊಂಬೆಯ ಹೆಸರಿಗೆ ಮುಂಚೆ ‘ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ’ ಎಂದು ತಮ್ಮ ತಮ್ಮ ತಾಲೂಕುಗಳ ಹೆಸರುಗಳನ್ನೇ ಬರೆಸಿದರು. ಪ್ರಶ್ನಾರ್ಥಕ ಚಿಹ್ನೆಗಳು ಹೋಗಿ ಅಕ್ಷರಗಳು ಮೂಡಿದವು.

ಬರೆಯುವದು ಒಂದು ವಿದ್ಯೆ, ಓದುವದು ಇನ್ನೊಂದು. ಯಂತ್ರಕ್ಕೆ ಕನ್ನಡವನ್ನು ಓದಲು ಕಲಿಸುವ ಯತ್ನವೂ ನಡೆದಿದೆ. ವಿನಯ್ ಉದಯ್ ಪ್ರಭು ಎಂಬವರು ೨೦೧೯ರಲ್ಲಿ ಕೈಬರಹದ ಕನ್ನಡ ಅಂಕಿಗಳ ಸಂಗ್ರಹವನ್ನು ಕನ್ನಡ ಎಮ್‌ನಿಸ್ಟ್ ಎಂಬ ಹೆಸರಿನಿಂದ ಎಲ್ಲರಿಗೂ ಬಿಟ್ಟುಕೊಟ್ಟರು. ಅದರಲ್ಲಿ ಕಲಿಸುವದಕ್ಕೆ ೬೦,೦೦೦ ಚಿತ್ರಗಳೂ ಪರೀಕ್ಷಿಸುವದಕ್ಕೆ ೧೦,೦೦೦ ಚಿತ್ರಗಳೂ ಇವೆ. ನಮ್ಮ ಹುಡುಗಿಯರ ಮುಂದಿನ ಪಾಠ ಅದೇ. ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಪಡೆದಿರುವ ಈ ಊರಿನವರಿಗೆ ಅಕ್ಷರವನ್ನು ಓದುವ ಕೆಲಸದಲ್ಲಿ ಆಸಕ್ತಿ ಹುಟ್ಟುವದು ಸಹಜವೇ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಇದು ಗಂಡುಮಕ್ಕಳ ಕೆಲಸವೆಂದು ಎಣಿಸಬೇಡಿರಿ. ದೂರದಲ್ಲಿ ಕಟ್ಟಿದವರು ನಮ್ಮ ಅಕ್ಷರಗಳನ್ನು ದ್ವೇಷದಿಂದ ಬಿಟ್ಟವರಲ್ಲ. ಅವರಿಗೆ ಅವುಗಳ ಅಗತ್ಯ ಬೀಳಲಿಲ್ಲ. ಅಗತ್ಯವುಳ್ಳವರು ನಾವು, ಕೂಡಿಸಿಕೊಳ್ಳುವ ಕೆಲಸವೂ ನಮ್ಮದೇ. ಮನೆಯಲ್ಲಿ ಹಳೆಯ ಯಂತ್ರವಿದ್ದರೆ ಮೂಲೆಗೆ ಹಾಕದೆ ಮಗಳ ಕೈಗೆ ಕೊಡಿರಿ. ವರದಿಯನ್ನು ಕೊನೆಯ ವರೆಗೆ ಓದುವ ತಾಳ್ಮೆಯನ್ನು ನಾವು ಕಲಿಸುವೆವು.

— ಮುಖ್ಯೋಪಾಧ್ಯಾಯಿನಿ