ನರಿ ಕಾಟಕ್ಕೆ ಅಗ್ಗದ ಬಂದೂಕು ಸಿಗುತ್ತದೆಯೇ? ಗಡಿ ರೈತರು ತಿಳಿಯಬೇಕಾದದ್ದು

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿ ಹಳ್ಳಿಗಳಲ್ಲಿ ಕಬ್ಬು ಆಳೆತ್ತರ ಬೆಳೆಯಿತೆಂದರೆ ನರಿಗಳ ಕೂಗು ಊರ ಅಂಚಿಗೇ ಬರುತ್ತದೆ. ಆಡಿನ ಮರಿ, ಕೋಳಿ ಕಾಣೆಯಾಗುತ್ತವೆ. ಕಲ್ಲಂಗಡಿ, ಮೆಕ್ಕೆಜೋಳ, ಶೇಂಗಾ, ಕಬ್ಬನ್ನೂ ನರಿ ಬಿಡುವುದಿಲ್ಲ. ನಾಲ್ಕು ಆಡು ಸಾಕಿ ಸಂಸಾರ ತೂಗಿಸುವ ಮನೆಗೆ ಒಂದು ಮರಿ ಹೋದರೂ ಅದು ಸಣ್ಣ ನಷ್ಟವಲ್ಲ.

ಹೀಗಿರುವಾಗ ಯುವಕರ ಮೊಬೈಲಿನಲ್ಲಿ ಅಮೆರಿಕದ ವಿಡಿಯೊಗಳು ಓಡಾಡುತ್ತಿವೆ. ನಮ್ಮ ನರಿಯ ಹತ್ತಿರದ ಬಂಧುವಾದ ಕಯೋಟಿ ಎಂಬ ಪ್ರಾಣಿಯನ್ನು ಅಲ್ಲಿನ ರೈತರು ದೂರದಿಂದಲೇ ರೈಫಲ್‌ನಲ್ಲಿ ಹೊಡೆಯುತ್ತಾರೆ. ಯಾವ ರೈಫಲ್ ಅಗ್ಗ, ಯಾವುದರ ಗುರಿ ಚೆನ್ನ ಎಂದು ವಿವರಿಸುತ್ತಾರೆ. ನೋಡಿದವರು ಕೇಳುವುದು ಒಂದೇ: ಕಡಿಮೆ ದುಡ್ಡಿನಲ್ಲಿ ನಮಗೂ ಅಂಥದ್ದು ಸಿಗುತ್ತದೆಯೇ?

ಇಲ್ಲ. ನರಿ ಹೊಡೆಯಲೆಂದು ರೈಫಲ್ ನಮ್ಮಲ್ಲಿ ಯಾವ ಬೆಲೆಗೂ ಸಿಗುವುದಿಲ್ಲ. ಕಾರಣ ಎರಡು ಕಾನೂನುಗಳು. ಒಂದು ಪ್ರಾಣಿಯದ್ದು, ಇನ್ನೊಂದು ಆಯುಧದ್ದು.

ಮೊದಲು ಪ್ರಾಣಿಯ ಕಾನೂನು. ಮರಾಠಿಯಲ್ಲಿ ಕೋಲ್ಹಾ ಬೇರೆ, ಖೋಕಡ ಬೇರೆ. ಕನ್ನಡದಲ್ಲಿ ನಾವು ಎರಡನ್ನೂ ನರಿ ಎಂದೇ ಕರೆಯುತ್ತೇವೆ. ಆಡಿನ ಮರಿ ಒಯ್ಯುವುದು ಹೆಚ್ಚಾಗಿ ದೊಡ್ಡದಾದ ಕೋಲ್ಹಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆಗ ಈ ಕೋಲ್ಹಾ ಮೊದಲನೇ ಅನುಸೂಚಿಗೆ ಸೇರಿತು. ತೋಳ, ಚಿಗರಿ (ಮರಾಠಿಯ ಕಾಳವೀಟ) ಕೂಡ ಅದರಲ್ಲೇ ಇವೆ. ಈ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮಾತ್ರ. ಅದೂ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯಕಾರಿಯಾಗಿದ್ದರೆ ಅಥವಾ ವಾಸಿಯಾಗದ ರೋಗ, ಗಾಯದಿಂದ ಬಳಲುತ್ತಿದ್ದರೆ. ಆಡು ಹೋಯಿತು, ಬೆಳೆ ಹೋಯಿತು ಎಂಬ ಕಾರಣ ಇಲ್ಲಿ ನಡೆಯುವುದಿಲ್ಲ. ತಪ್ಪಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಬಂದೂಕು ಬೇಡ, ಉರುಲು ಹಾಕುತ್ತೇವೆ, ವಿಷ ಇಡುತ್ತೇವೆ ಎನ್ನುವವರಿದ್ದಾರೆ. ಕಾಯ್ದೆಯ ಲೆಕ್ಕದಲ್ಲಿ ಅದೂ ಬೇಟೆಯೇ. ಬೇಟೆಯ ಪ್ರಯತ್ನವೂ ಬೇಟೆಯೇ. ಬದುವಿಗೆ ಕರೆಂಟ್ ತಂತಿ ಎಳೆಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಅದಕ್ಕೆ ಮೊದಲು ಬಲಿಯಾಗುವವರು ನಸುಕಿನಲ್ಲಿ ನೀರು ಬಿಡಲು ಹೋಗುವ ನಮ್ಮವರೇ.

ಇನ್ನು ಆಯುಧದ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಯ ಮಾತು ಸ್ಪಷ್ಟವಾಗಿದೆ. ನಿಜವಾದ ಬೆಳೆ ರಕ್ಷಣೆಗೆ ಬೇಕೆಂದರೆ ಕೊಡುವುದು ಬಾಯಿಂದ ಮದ್ದು ತುಂಬುವ ಬಂದೂಕಿನ ಲೈಸೆನ್ಸು. ಮರಾಠಿಯಲ್ಲಿ ಠಾಸಣೀಚಿ ಬಂದೂಕ ಎನ್ನುತ್ತಾರಲ್ಲ, ಅದೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಇಂಚು ನಳಿಕೆಯ, ಒಳಗೆ ನುಣುಪಾದ ಬಂದೂಕಿಗೆ, ಅಂದರೆ ನಮಗೆ ಗೊತ್ತಿರುವ 12 ಬೋರಿನ ಒಂಟಿ ನಳಿಕೆ ಅಥವಾ ಜೋಡು ನಳಿಕೆಗೆ, ಲೈಸೆನ್ಸು ಕೊಡಬಹುದು. ಬೆಳೆ ರಕ್ಷಣೆಯ ಈ ಕಲಮಿನಲ್ಲಿ ರೈಫಲ್‌ನ ಹೆಸರೇ ಇಲ್ಲ.

ಇದರಲ್ಲಿ ಅರ್ಥವಿದೆ ಎಂದೇ ನನಗೆ ತೋರುತ್ತದೆ. 12 ಬೋರಿನ ಚಿಲ್ಲುಗಳು ಸುಮಾರು 40 ಮೀಟರ್ ದಾಟಿದರೆ ಚದುರಿ ಬಲ ಕಳೆದುಕೊಳ್ಳುತ್ತವೆ. ರೈಫಲ್ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್ ಆಚೆಗೂ ಜೀವ ತೆಗೆಯಬಲ್ಲದು. ನಮ್ಮದು ಬಟಾಬಯಲು ಸೀಮೆ. ರಾತ್ರಿ ಮಂಚಿಕೆಯ ಮೇಲೆ ಕಾವಲು ಮಲಗಿದವರು ಯಾವ ಹೊಲದಲ್ಲಿದ್ದಾರೆಂದು ಯಾರಿಗೆ ಗೊತ್ತು?

ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಅದು ಆಯುಧ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ.

ಖರ್ಚಿನ ಲೆಕ್ಕವನ್ನೂ ನೋಡಬೇಕು. ಬಂದೂಕಿನ ಬೆಲೆ ಮೊದಲ ಖರ್ಚು ಮಾತ್ರ. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಆಯುಧ ಬಳಕೆಯ ತರಬೇತಿ, 5 ವರ್ಷಕ್ಕೊಮ್ಮೆ ನವೀಕರಣ ಇವೆಲ್ಲ ಇವೆ. ಎಷ್ಟು ತೋಟಾ ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ ಮಾಡಲು ಹೇಳುತ್ತಾರೆ. ಉದಗೀರ, ನಿಲಂಗಾದವರ ಅರ್ಜಿ ಲಾತೂರಿಗೆ, ಉಮರ್ಗಾದವರದ್ದು ಧಾರಾಶಿವಕ್ಕೆ. ಒಂದು ಹೊಲ ಈಚೆ, ಇನ್ನೊಂದು ಹೊಲ ಭಾಲ್ಕಿ, ಬಸವಕಲ್ಯಾಣದ ಕಡೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಲೈಸೆನ್ಸು ಯಾವ ಪ್ರದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ಮಹಾರಾಷ್ಟ್ರಕ್ಕೆ ಮಾತ್ರವಿದ್ದರೆ, ಹಳ್ಳ ದಾಟಿ ಕರ್ನಾಟಕದ ಹೊಲಕ್ಕೆ ಹೋದಾಗ ಅದೇ ಬಂದೂಕು ಅಕ್ರಮ. ಲೈಸೆನ್ಸಿಲ್ಲದ ಕಟ್ಟಾ ಅಗ್ಗವೆಂದು ಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ 2 ವರ್ಷ.

ಕಾಡುಹಂದಿ, ನೀಲಗಾಯಿಯ ಮಾತು ಬೇರೆ. ಅವು ಎರಡನೇ ಅನುಸೂಚಿಯಲ್ಲಿವೆ. ಅಲ್ಲಿ ನಿಂತ ಬೆಳೆಯ ಹಾನಿಯೂ ಅನುಮತಿಗೆ ಕಾರಣವಾಗುತ್ತದೆ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಇವುಗಳ ವಿಷಯದಲ್ಲಿ ಅನುಮತಿ ಕೊಡುವ ಅಧಿಕಾರವನ್ನು ವಲಯ ಅರಣ್ಯಾಧಿಕಾರಿಗಳ ಮಟ್ಟಕ್ಕೆ ಇಳಿಸಿತು. ಸಾತ್‌ಬಾರಾ ಉತಾರದೊಂದಿಗೆ ಅರ್ಜಿ ಕೊಡಬೇಕು. ಬಂದೂಕಿನ ಲೈಸೆನ್ಸು ಇದೆಯೆಂದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ. ಎರಡೂ ಕಾಗದ ಕೈಯಲ್ಲಿರಬೇಕು. ಈ ಅನುಮತಿಯೂ ಗಡಿ ದಾಟುವುದಿಲ್ಲ. ಆಚೆಯ ಹೊಲಕ್ಕೆ ಪಹಣಿ ಹಿಡಿದು ಕರ್ನಾಟಕದ ಅರಣ್ಯ ಇಲಾಖೆಗೇ ಹೋಗಬೇಕು.

ಹಾಗಾದರೆ ನರಿಗೆ ಏನು ಮಾಡುವುದು? ಬಂದೂಕಿಗೆ ಹಾಕುವ ದುಡ್ಡನ್ನು ದೊಡ್ಡಿಗೆ ಹಾಕುವುದು. ನರಿ ಕಳ್ಳನಂತೆ ಬರುತ್ತದೆ, ತೋಳದಷ್ಟು ಧೈರ್ಯ ಅದಕ್ಕಿಲ್ಲ. ಮುಳ್ಳಿನ ಬೇಲಿಯ ಸಂದಿಯಲ್ಲಿ, ಜಾಳಿಗೆಯ ಬುಡದ ಮಣ್ಣು ಕೆದರಿ ನುಸುಳುತ್ತದೆ. ಆದ್ದರಿಂದ ಜಾಳಿಗೆಯನ್ನು ಒಂದು ಅಡಿ ನೆಲದೊಳಗೆ ಹೂಳಿ ಮೇಲೆ ಕಲ್ಲು ಜೋಡಿಸಬೇಕು. ಮೇಲ್ಭಾಗವನ್ನೂ ಮುಚ್ಚಬೇಕು. ಮರಿಗಳನ್ನು ರಾತ್ರಿ ಬೇರೆ ಗೂಡಿನಲ್ಲಿ ಕೂಡಬೇಕು. ಸತ್ತ ಕೋಳಿ, ಕರು ಹೆತ್ತಾಗಿನ ಕಸವನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ನರಿಯನ್ನು ಊರಿಗೆ ಕರೆಯುವುದೇ ಆ ವಾಸನೆ. ಅಮೆರಿಕದಲ್ಲಿ ಪ್ರತಿ ವರ್ಷ ಹತ್ತಾರು ಸಾವಿರ ಕಯೋಟಿಗಳನ್ನು ಕೊಂದರೂ ಅವು ಮುಗಿದಿಲ್ಲ. ಇಲ್ಲಿ ನರಿ ಹೋದರೆ ಅದು ತಿನ್ನುವ ಇಲಿಗಳು ಹೊಲದಲ್ಲೇ ಉಳಿಯುತ್ತವೆ. ಬೆಳಿಗ್ಗೆ ನರಿ ಮುಖ ನೋಡಿದರೆ ಅದೃಷ್ಟ ಎಂದು ಹಿರಿಯರು ಹೇಳುತ್ತಿದ್ದುದು ಯಾಕೋ, ಕೋಳಿ ಕಳೆದುಕೊಂಡವರಿಗೆ ಮಾತ್ರ ಆ ಮಾತು ಹೇಳಬಾರದು!

ಜಾನುವಾರು ಸತ್ತರೆ ಮಹಾರಾಷ್ಟ್ರದ ಪರಿಹಾರ ಪಟ್ಟಿಯಲ್ಲಿ ಲಾಂಡ್ಗಾ, ಕೋಲ್ಹಾ ಎರಡರ ಹೆಸರೂ ಇವೆ. ಬಹಳ ಜನ ಇದನ್ನು ತಿಳಿಯದೆ ಸುಮ್ಮನಾಗುತ್ತಾರೆ. ಸತ್ತ ಪ್ರಾಣಿಯನ್ನು ಅಲ್ಲಿಂದ ಕದಲಿಸದೆ, ಫೋಟೊ ತೆಗೆದು, ಎರಡು ದಿನದೊಳಗೆ ಅರಣ್ಯ ಸಿಬ್ಬಂದಿಗೆ ತಿಳಿಸಿ ಪಂಚನಾಮೆ ಮಾಡಿಸಬೇಕು. ಪೊಲೀಸ್ ಪಾಟೀಲರಿಗೂ ಹೇಳಿಡುವುದು ಒಳ್ಳೆಯದು. ಬೀದಿನಾಯಿ ಕೊಂದದ್ದಕ್ಕೆ ಈ ಪರಿಹಾರವಿಲ್ಲ, ಹಾಗಾಗಿ ಹೆಜ್ಜೆ ಗುರುತು ಅಳಿಸದಂತೆ ಬುಟ್ಟಿ ಮುಚ್ಚಿಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926.

ಹಾಡಹಗಲೇ ಊರೊಳಗೆ ಬಂದು ಕಂಡವರ ಮೇಲೆ ಎರಗುವ ನರಿಗೆ ಹುಚ್ಚು ಹಿಡಿದಿರಬಹುದು. ಮೈಮೇಲೆ ಬಿದ್ದಾಗ ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಬಡಿಗೆಯಿಂದ ಹೊಡೆದರೆ ಅದು ಅಪರಾಧವಲ್ಲ ಎಂದು ಕಾಯ್ದೆಯೇ ಹೇಳುತ್ತದೆ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಕೂಡಲೇ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯಕ್ಕೆ ಅರಿಶಿನ, ಸುಣ್ಣ ಮೆತ್ತಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು.